ಬಿಸಿಲಿನ ಪೆಟ್ಟು, ಬೆಳಕಿನ ಮದ್ದು

ಬಿಸಿಲಿಗೆ ಹಾಕಿದರೆ ಹುಳ ಸಾಯುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರೆಲ್ಲರೂ ಬಲ್ಲ ಶಾಸ್ತ್ರ. ಮದ್ದೂರು ತಾಲ್ಲೂಕಿನ ಆತಗೂರು ನನ್ನೂರು. ಅಲ್ಲಿ ಸಂಕ್ರಾಂತಿ ಕಳೆದು ಬಿಸಿಲು ಬಲಿಯಿತೆಂದರೆ ಹಾಸಿಗೆ, ಕಂಬಳಿ, ಉಪ್ಪಿನಕಾಯಿಯ ಖಾಲಿ ಜಾಡಿ, ಹುರುಳಿ, ಅವರೆಕಾಳು, ಕೂಸಿನ ತೊಟ್ಟಿಲ ಬಟ್ಟೆ ಎಲ್ಲವೂ ಅಂಗಳಕ್ಕೆ ಬರುತ್ತಿದ್ದವು. "ಬಿಸ್ಲಿಗ್ ಹಾಕು, ಹುಳ ಸತ್ತೋಯ್ತವೆ" ಎಂದು ನಮ್ಮವ್ವ ಹೇಳುವಾಗ ಆಕೆಯ ಮನಸ್ಸಿನಲ್ಲಿ ಇದ್ದುದು ಕಣ್ಣಿಗೆ ಕಾಣುವ ಹುಳ. ಕಣ್ಣಿಗೆ ಕಾಣದ ಹುಳಗಳಿಗೂ ಈ ಮಾತು ಸಲ್ಲುತ್ತದೆಂದು 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬಿಬ್ಬರು ತೋರಿಸಿಕೊಟ್ಟರು. ಪೋಷಕ ದ್ರವವನ್ನು ತುಂಬಿದ ಗಾಜಿನ ನಳಿಗೆಗಳಲ್ಲಿ ಕೆಲವನ್ನು ಅವರು ಬಿಸಿಲಿಗೆ ತೆರೆದಿಟ್ಟರು, ಕೆಲವಕ್ಕೆ ಸೀಸದ ಹಾಳೆಯನ್ನು ಸುತ್ತಿಟ್ಟರು. ಸುತ್ತಿಟ್ಟವುಗಳಲ್ಲಿ ಬ್ಯಾಕ್ಟೀರಿಯ ಬೆಳೆದು ದ್ರವ ಕದಡಿತು. ಬಿಸಿಲು ಕಂಡದ್ದು ತಿಳಿಯಾಗಿಯೇ ಉಳಿಯಿತು. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ 1890ರಲ್ಲಿ, ನೇರ ಬಿಸಿಲಿಗೆ ಆ ರೋಗಾಣು ಪದರದ ದಪ್ಪಕ್ಕೆ ತಕ್ಕಂತೆ ಕೆಲವು ನಿಮಿಷಗಳಲ್ಲೋ ಕೆಲವು ಗಂಟೆಗಳಲ್ಲೋ ಸಾಯುತ್ತದೆ ಎಂದರು. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿಮಾಡಿದ್ದಕ್ಕಾಗಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪಾರಿತೋಷಕವೇ ಬಂದಿತು.

ಅವ್ವನ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಬಿಸಿಲಿಗೆ ಸಿಕ್ಕ ಬ್ಯಾಕ್ಟೀರಿಯ ಮೊದಲು ಗಾಯಗೊಳ್ಳುತ್ತದೆ. ಆಮೇಲೆ ಸಾಯುತ್ತದೆ, ಇಲ್ಲವೇ ಗಾಯವನ್ನು ತಾನೇ ಸರಿಮಾಡಿಕೊಂಡು ಬದುಕುತ್ತದೆ. ಗಾಯಕ್ಕೂ ಸಾವಿಗೂ ನಡುವೆ ಇರುವ ಈ ತೆರಪಿನಲ್ಲಿ ನಡೆಯುವ ಕೆಲಸವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ನಾನು ವಿಜ್ಞಾನಿಯಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ವಿಷಯವನ್ನು ಓದುತ್ತ ಹೋದಂತೆ ಇದು ನನ್ನ ಕಸುಬಿಗೆ ತೀರ ದೂರದ್ದೇನೂ ಅಲ್ಲ ಎನಿಸಿತು. ಏಕೆಂದರೆ ಇಲ್ಲಿಯೂ ಇರುವುದು ಅಕ್ಷರಗಳು, ಪ್ರತಿಗಳು, ಪ್ರತಿಕಾರನ ಕೈತಪ್ಪುಗಳು, ತಿದ್ದುಪಡಿಗಳು.

ಪ್ರತಿಯೊಂದು ಜೀವಕೋಶದೊಳಗೂ ಡಿ.ಎನ್.ಎ. ಎಂಬ ಎರಡೆಳೆಯ ನೂಲು ಇದೆ ಎಂಬುದನ್ನು ತಾವೆಲ್ಲ ಕೇಳಿದ್ದೀರಿ. ಅದರ ಮೇಲಿನ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ನಮ್ಮ ಕರುಳಿನಲ್ಲಿ ವಾಸಮಾಡುವ ಈ. ಕೋಲೈ ಎಂಬ ಸಾಧಾರಣ ಬ್ಯಾಕ್ಟೀರಿಯದಲ್ಲಿ ಇಂಥ ಅಕ್ಷರಗಳ ಜೋಡಿ ಸುಮಾರು 46 ಲಕ್ಷ. ಕ್ಷಯದ ಬ್ಯಾಕ್ಟೀರಿಯದಲ್ಲಿ 44 ಲಕ್ಷ. ಒಂದು ಎಳೆಯಲ್ಲಿ 'ಎ' ಇದ್ದರೆ ಎದುರಿನ ಎಳೆಯಲ್ಲಿ 'ಟಿ' ಇರಲೇಬೇಕು; 'ಜಿ' ಇದ್ದರೆ 'ಸಿ'. ಒಂದೇ ಕಾವ್ಯದ ಎರಡು ಓಲೆಪ್ರತಿಗಳನ್ನು ಮುಖಕ್ಕೆ ಮುಖ ಇಟ್ಟು ಕಟ್ಟಿದ ಹಾಗೆ ಇದು. ಈ ಎರಡನೆಯ ಪ್ರತಿ ಏತಕ್ಕಾಗಿ ಬೇಕು ಎಂಬುದು ಮುಂದೆ ತಿಳಿದೀತು.

ಇನ್ನು ಬಿಸಿಲು. ಕಣ್ಣಿಗೆ ಕಾಣುವ ನೇರಳೆಯ ಬಣ್ಣದಿಂದಾಚೆಗೆ, 400 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಕಿರಣಗಳನ್ನು ನೇರಳಾತೀತ ಎನ್ನುತ್ತಾರೆ. ಡಿ.ಎನ್.ಎ. ಇವುಗಳಲ್ಲಿ 260 ನ್ಯಾನೊಮೀಟರಿನ ಆಸುಪಾಸಿನದನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೀರುತ್ತದೆ. ಸೂರ್ಯನಿಂದ ಹೊರಟ ಆ ಅತಿ ಕ್ರೂರ ಕಿರಣಗಳನ್ನು ಮೇಲಿನ ಓಝೋನ್ ಪದರ ತಡೆದುಬಿಡುವುದರಿಂದ ನೆಲಕ್ಕೆ ಬರುವುದು ಸುಮಾರು 290ಕ್ಕಿಂತ ಮೇಲಿನವು ಮಾತ್ರ. ಅಷ್ಟೇ ಸಾಕು. ಮಂಡ್ಯದ ನೆತ್ತಿಯ ಮೇಲೆ ಸೂರ್ಯ ನೇರವಾಗಿ ನಿಲ್ಲುವ ಏಪ್ರಿಲ್ ಕೊನೆಯ ದಿನಗಳಲ್ಲಿ ನಮ್ಮ ಕಬ್ಬಿನ ಗದ್ದೆಯ ಎಲೆಯ ಮೇಲೆ ಕುಳಿತ ಒಂದು ಬ್ಯಾಕ್ಟೀರಿಯಕ್ಕೆ ತಪ್ಪಿಸಿಕೊಳ್ಳಲು ನೆರಳಿಲ್ಲ, ಹೊದೆಯಲು ಚರ್ಮವಿಲ್ಲ. ಅದರ ಮೈಯೆಲ್ಲ ಸೇರಿ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು.

ಕಿರಣ ತಾಗಿದಾಗ ಆಗುವುದೇನು? ಬರಹದಲ್ಲಿ 'ಟಿ'ಯ ಪಕ್ಕದಲ್ಲಿಯೇ ಇನ್ನೊಂದು 'ಟಿ' ಇರುವ ಕಡೆ ಆ ಎರಡು ಅಕ್ಷರಗಳು ಒಂದನ್ನೊಂದು ಕಚ್ಚಿಕೊಂಡು ಗಂಟಾಗುತ್ತವೆ. ತಮ್ಮ ಎದುರಿನ ಎಳೆಯ ಕೈ ಹಿಡಿದಿರಬೇಕಾದವು ಪಕ್ಕದವನ ಕೈ ಹಿಡಿದುಬಿಡುತ್ತವೆ. ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಬ್ಯೂಕರ್ಸ್ ಮತ್ತು ಬೇರೆಂಡ್ಸ್ ಈ ಗಂಟನ್ನು 1960ರಲ್ಲಿ ಗುರುತಿಸಿದರು. ಓಲೆಗರಿಯಲ್ಲಿ ಎರಡು ಅಕ್ಷರಗಳು ಮಸಿಯಲ್ಲಿ ಬೆರೆತುಹೋದರೆ ಓದುಗ ಅಲ್ಲಿ ತಡೆದು ನಿಲ್ಲುವ ಹಾಗೆ, ಡಿ.ಎನ್.ಎ.ಯನ್ನು ನಕಲುಮಾಡುತ್ತ ಬರುವ ಯಂತ್ರವೂ ಈ ಗಂಟಿನ ಬಳಿಗೆ ಬಂದು ನಿಂತುಬಿಡುತ್ತದೆ. ನಕಲು ನಡೆಯದಿದ್ದರೆ ಕೋಶ ಒಡೆದು ಎರಡಾಗುವಂತಿಲ್ಲ. ಬಿಸಿಲಿನಿಂದ ಹುಳ ಸಾಯುತ್ತದೆ ಎಂಬುದರ ಒಂದು ಮುಖ್ಯವಾದ ಅರ್ಥ ಇದೇ. ಸುಟ್ಟು ಬೂದಿಯಾಗುವುದಲ್ಲ, ತನ್ನ ಬರಹವನ್ನು ತಾನೇ ಓದಲಾರದೆ ಹೋಗುವುದು.

ಇಲ್ಲಿ ನನ್ನೂರಿನ ಒಂದು ಸಂಗತಿ ನೆನಪಿಗೆ ಬರುತ್ತದೆ. ಕನ್ನಡ ಶಾಸನಗಳನ್ನು ಓದಿದವರಿಗೆ ಆತಕೂರು ಎಂದರೆ ಕೂಡಲೆ ತಿಳಿಯುತ್ತದೆ. ಅದೇ ಇಂದಿನ ಆತಗೂರು. ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಆ ಕಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣನನ್ನೂ ತಕ್ಕೋಲದ ಕಾಳಗವನ್ನೂ ಗಂಗರ ಬೂತುಗನನ್ನೂ ಹೇಳಿ, ಮಣಲೇರನೆಂಬ ವೀರ ಒಡೆಯನಿಂದ ಬೇಡಿ ಪಡೆದ 'ಕಾಳಿ' ಎಂಬ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ ಎರಡೂ ಸತ್ತ ಕಥೆಯನ್ನು ಹೇಳುತ್ತದೆ. ಊರಿನ ಚಲ್ಲೇಶ್ವರನ ಗುಡಿಯ ಮುಂದೆ ನಿಂತಿದ್ದ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳಿಗೂ ಮೀರಿ ಬಿಸಿಲು ಮಳೆಗಳನ್ನು ತಡೆದು ಆ ಅಕ್ಷರಗಳು ಉಳಿದುಬಂದವು, ಏಕೆಂದರೆ ಕಲ್ಲು ಗಟ್ಟಿ. ಆದರೆ ಕಲ್ಲಿನ ಒಂದು ಅಕ್ಷರ ಉದುರಿತೆಂದರೆ ಉದುರಿದ್ದೇ. ಕಲ್ಲು ತನ್ನನ್ನು ತಾನು ಓದಿಕೊಳ್ಳಲಾರದು, ತಿದ್ದಿಕೊಳ್ಳಲಾರದು. ಜೀವದ ಬರಹ ಇದಕ್ಕೆ ತದ್ವಿರುದ್ಧ. ಅದರ ಅಕ್ಷರಗಳು ಒಂದು ಬೇಸಗೆಯನ್ನು ಕೂಡ ತಾವಾಗಿ ತಡೆದುಕೊಳ್ಳಲಾರವು. ಆದರೂ ಅದು ಕೋಟ್ಯಂತರ ವರ್ಷಗಳಿಂದ ನಡೆದುಬಂದಿದೆ. ಬಹುಕಾಲ ವಿಜ್ಞಾನಿಗಳು ಕೂಡ ಡಿ.ಎನ್.ಎ. ಕಲ್ಲಿನಂತೆ ಸ್ಥಿರವಾದದ್ದೆಂದೇ ನಂಬಿದ್ದರು. ಅದು ಹಾಗಲ್ಲ, ದಿನದಿನವೂ ಕೆಡುತ್ತದೆ, ದಿನದಿನವೂ ರಿಪೇರಿಯಾಗುತ್ತದೆ ಎಂಬ ತಿಳಿವು ಬಂದದ್ದು ಒಬ್ಬ ಸಂಶೋಧಕನ ತಾಳ್ಮೆಗೆಟ್ಟ ಪ್ರಯೋಗದಿಂದ.

ಆತನ ಹೆಸರು ಆಲ್ಬರ್ಟ್ ಕೆಲ್ನರ್. ಸ್ಥಳ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್. ಕಾಲ, ಎರಡನೆಯ ಮಹಾಯುದ್ಧ ಮುಗಿದ ಹೊಸತು. ಸ್ಟ್ರೆಪ್ಟೊಮೈಸೀಸ್ ಗ್ರಿಸಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದ ಬೀಜಕಣಗಳಿಗೆ ಅವರು ನೇರಳಾತೀತ ದೀಪವನ್ನು ಹಾಯಿಸಿ, ಬದುಕಿ ಉಳಿದವುಗಳಲ್ಲಿ ಹೊಸ ಔಷಧಿ ಕೊಡುವ ತಳಿ ಸಿಕ್ಕೀತೇ ಎಂದು ಹುಡುಕುತ್ತಿದ್ದರು. ಈ ಬ್ಯಾಕ್ಟೀರಿಯ ಸಾಮಾನ್ಯವಾದುದಲ್ಲ. 1943ರಲ್ಲಿ ಕ್ಷಯಕ್ಕೆ ಮೊದಲ ನಿಜವಾದ ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದು ಇದರಿಂದಲೇ. ಕೆಲ್ನರರಿಗೆ ಬಂದ ತೊಡಕೆಂದರೆ ಲೆಕ್ಕ ಹೊಂದುತ್ತಿರಲಿಲ್ಲ. ಅದೇ ದೀಪ, ಅಷ್ಟೇ ಹೊತ್ತು. ಆದರೆ ಒಂದು ಸಲ ಬದುಕಿದವು ಬೆರಳೆಣಿಕೆಯಷ್ಟು, ಇನ್ನೊಂದು ಸಲ ಲೆಕ್ಕವಿಲ್ಲದಷ್ಟು. ಉಷ್ಣತೆಯ ವ್ಯತ್ಯಾಸದಿಂದ ಹೀಗಾಗುತ್ತಿರಬೇಕೆಂದು ಊಹಿಸಿ ಅವರು ಸೀಸೆಗಳನ್ನು ಒಂದೇ ಉಷ್ಣತೆಯ ನೀರಿನ ತೊಟ್ಟಿಯಲ್ಲಿ ಇಟ್ಟರು. ವ್ಯತ್ಯಾಸ ಇನ್ನೂ ಹೆಚ್ಚಿತು. ಕೊನೆಗೆ ಗಮನ ಹರಿದದ್ದು ತೊಟ್ಟಿಯ ಕಡೆಗೆ: ಅದು ಗಾಜಿನದು, ಇಟ್ಟಿದ್ದುದು ಕಿಟಕಿಯ ಮುಂದೆ. ಕಿಟಕಿಯಿಂದ ಬೀಳುತ್ತಿದ್ದ ಸಾಧಾರಣ ಹಗಲುಬೆಳಕು ಗಾಯಗೊಂಡ ಬೀಜಕಣಗಳನ್ನು ಬದುಕಿಸುತ್ತಿತ್ತು. ಕತ್ತಲೆಯಲ್ಲಿಟ್ಟವುಗಳಿಗೆ ಹೋಲಿಸಿದರೆ ಬೆಳಕು ಕಂಡವುಗಳಲ್ಲಿ ಬದುಕಿದವು ಲಕ್ಷಾಂತರ ಪಟ್ಟು. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ವರ್ಷ ರೆನಾಟೊ ಡಲ್ಬೆಕೊ ಎಂಬವರು ಬ್ಯಾಕ್ಟೀರಿಯಗಳನ್ನು ಕಾಡುವ ವೈರಸ್ಸುಗಳಲ್ಲಿಯೂ ಇದನ್ನೇ ಕಂಡರು. ಡಿ.ಎನ್.ಎ.ಯ ರಚನೆ ಗೊತ್ತಾಗುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು ಎಂಬುದನ್ನು ನೆನೆದರೆ ಕೆಲ್ನರರ ಸಾಧನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನನಗಂತೂ, ಹೊಂದದ ಲೆಕ್ಕವನ್ನು ಹೊಂದಿಸಿ ಬರೆಯದೆ ಅದರ ಹಿಂದೆಯೇ ಬಿದ್ದ ಅವರ ಹಠ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು.

ಬೆಳಕು ಹೇಗೆ ಮದ್ದಾಗುತ್ತದೆ? 1958ರ ಸುಮಾರಿಗೆ ಕ್ಲಾಡ್ ರೂಪರ್ಟ್ ಎಂಬ ವಿಜ್ಞಾನಿ ಇದು ಒಂದು ಕಿಣ್ವದ ಕೆಲಸವೆಂದು ತೋರಿಸಿದರು. ಇಂದು ಅದಕ್ಕೆ ಫೋಟೊಲೈಯೇಸ್ ಎಂದು ಹೆಸರು. ಈ ಕಿಣ್ವ ಕತ್ತಲೆಯಲ್ಲಿಯೂ ಗಂಟನ್ನು ಹುಡುಕಿ ಅದರ ಮೇಲೆ ಕುಳಿತುಕೊಳ್ಳುತ್ತದೆ, ಆದರೆ ಬಿಡಿಸಲಾರದು. ನೀಲಿಬೆಳಕಿನ ಒಂದು ಕಣ ಬಿದ್ದಾಗ ಆ ಶಕ್ತಿಯಿಂದ ಗಂಟಿಗೆ ಒಂದು ಎಲೆಕ್ಟ್ರಾನನ್ನು ಕಡ ಕೊಡುತ್ತದೆ. ಗಂಟು ಕಳಚುತ್ತದೆ, ಎರಡು 'ಟಿ'ಗಳೂ ಹಿಂದಿನಂತೆ ಬೇರೆಯಾಗುತ್ತವೆ, ಕೊಟ್ಟ ಎಲೆಕ್ಟ್ರಾನು ಕಿಣ್ವಕ್ಕೆ ಹಿಂದಿರುಗುತ್ತದೆ. ಒಂದು ಅಕ್ಷರವನ್ನೂ ತೆಗೆದುಹಾಕದೆ, ಒಂದನ್ನೂ ಹೊಸದಾಗಿ ಬರೆಯದೆ ಆಗುವ ದುರಸ್ತಿ ಇದು. ಒಂದು ಈ. ಕೋಲೈ ಕೋಶದಲ್ಲಿ ಇಂಥ ಕಿಣ್ವದ ಅಣುಗಳು ಹತ್ತಿಪ್ಪತ್ತಕ್ಕಿಂತ ಹೆಚ್ಚಿಲ್ಲ. ಯಾವ ಸೂರ್ಯ ಗಾಯ ಮಾಡಿದನೋ ಅವನ ಬೆಳಕಿನಲ್ಲಿಯೇ ಚಿಕಿತ್ಸೆ. ಕಪ್ಪೆ, ಮೀನು, ಗಿಡಮರ ಎಲ್ಲಕ್ಕೂ ಈ ಕಿಣ್ವ ಇದೆ. ನಮ್ಮ ಗದ್ದೆಯ ಭತ್ತಕ್ಕೂ ಇದೆ. ಮನುಷ್ಯನಿಗೆ ಇಲ್ಲ. ಗರ್ಭದಲ್ಲಿ ಮಾಸುವಿನ ಮೂಲಕ ಮರಿಯನ್ನು ಬೆಳೆಸುವ ಪ್ರಾಣಿಗಳ ಕುಲದವರಾದ ನಾವು ಎಂದೋ ಇದನ್ನು ಕಳೆದುಕೊಂಡಿದ್ದೇವೆ.

ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳಿಗೂ ಪಟ್ಟಣದ ಮನೆಗಳ ನೀರಿನ ಫಿಲ್ಟರುಗಳಿಗೂ ಇದರಿಂದ ತಿಳಿಯಬೇಕಾದ ಒಂದು ವಿಷಯವಿದೆ. ಅವುಗಳಲ್ಲಿ ಅನೇಕವು ನೇರಳಾತೀತ ದೀಪವನ್ನು ಬಳಸುತ್ತವೆ. ಪಾದರಸದ ಆ ದೀಪ ಸೂಸುವುದು 254 ನ್ಯಾನೊಮೀಟರಿನ ಕಿರಣ, ಡಿ.ಎನ್.ಎ.ಗೆ ಬಹಳ ಹತ್ತಿರದ್ದು. ಕುಡಿಯುವ ನೀರಿಗೆ ಪ್ರತಿ ಚದರ ಸೆಂಟಿಮೀಟರಿಗೆ 40 ಮಿಲಿಜೂಲಿನಷ್ಟು ಕಿರಣ ಬೀಳಬೇಕೆಂದು ಸಾಮಾನ್ಯವಾಗಿ ಲೆಕ್ಕ. ಅಷ್ಟು ಬಿದ್ದರೆ ಗಂಟುಗಳ ಸಂಖ್ಯೆ ದುರಸ್ತಿಯ ಕೈಮೀರುತ್ತದೆ. ದೀಪ ಹಳೆಯದಾಗಿ ಮಂಕಾದರೆ, ಅಥವಾ ಅದರ ಗಾಜಿನ ಕೊಳವೆಯ ಮೇಲೆ ನೀರಿನ ಸುಣ್ಣ ಕಟ್ಟಿದರೆ, ಬೀಳುವುದು ಅರೆಪೆಟ್ಟು. ಅರೆಪೆಟ್ಟು ತಿಂದ ಬ್ಯಾಕ್ಟೀರಿಯ ತುಂಬಿದ ನೀರನ್ನು ಪಾರದರ್ಶಕ ಕ್ಯಾನಿನಲ್ಲಿ ಹಿಡಿದು ಬೆಳಕಿನಲ್ಲಿಟ್ಟರೆ ಕೆಲ್ನರರ ಗಾಜಿನ ತೊಟ್ಟಿಯನ್ನು ನಾವೇ ಮಾಡಿಟ್ಟ ಹಾಗಾಯಿತು. ದೀಪ ಉರಿಯುತ್ತಿದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಕಾಲಕಾಲಕ್ಕೆ ದೀಪವನ್ನು ಬದಲಿಸಬೇಕು, ಕೊಳವೆಯನ್ನು ಒರೆಸಬೇಕು. ನೀರನ್ನು ಕಾಯಿಸಿ ಕುಡಿಯುವ ಪದ್ಧತಿಯಲ್ಲಿ ಈ ತಾಪತ್ರಯವಿಲ್ಲ. ಕುದಿನೀರಿನಲ್ಲಿ ದುರಸ್ತಿಯ ಕಿಣ್ವವೇ ಉಳಿಯುವುದಿಲ್ಲ.

ಬೆಳಕಿಲ್ಲದ ಕಡೆ ಏನು ಗತಿ? ಬ್ಯಾಕ್ಟೀರಿಯಗಳೆಲ್ಲ ಬಯಲಿನಲ್ಲಿ ವಾಸಮಾಡುವುದಿಲ್ಲ. ಕರುಳಿನಲ್ಲಿ, ಶ್ವಾಸಕೋಶದಲ್ಲಿ, ಮಣ್ಣಿನ ಒಳಗೆ ಕತ್ತಲೆ. ಅಲ್ಲಿ ನಡೆಯುವ ದುರಸ್ತಿಯನ್ನು 1964ರಲ್ಲಿ ಅಮೆರಿಕದ ಮೂರು ಗುಂಪುಗಳು ಹೆಚ್ಚುಕಡಮೆ ಒಟ್ಟಿಗೆ ಕಂಡುಹಿಡಿದವು: ಸೆಟ್ಲೋ ಮತ್ತು ಕ್ಯಾರಿಯರ್, ಬಾಯ್ಸ್ ಮತ್ತು ಹೋವರ್ಡ್-ಫ್ಲಾಂಡರ್ಸ್, ಪೆಟ್ಟಿಜಾನ್ ಮತ್ತು ಹ್ಯಾನವಾಲ್ಟ್. ಗಾಯಗೊಂಡ ಬ್ಯಾಕ್ಟೀರಿಯವನ್ನು ಕತ್ತಲೆಯಲ್ಲಿಟ್ಟು ನೋಡಿದರೆ ಸ್ವಲ್ಪ ಹೊತ್ತಿನಲ್ಲಿ ಉದ್ದನೆಯ ನೂಲಿನೊಳಗಿನ ಗಂಟುಗಳು ಮಾಯವಾಗಿ, ಅವೇ ಗಂಟುಗಳು ಚಿಕ್ಕ ಚಿಕ್ಕ ತುಂಡುಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತಿದ್ದವು. ಕೋಶವು ಗಂಟನ್ನು ಬಿಡಿಸುತ್ತಿರಲಿಲ್ಲ; ಗಂಟಿರುವ ತುಂಡನ್ನೇ ಕತ್ತರಿಸಿ ತೆಗೆಯುತ್ತಿತ್ತು.

ಈ ಕತ್ತರಿ ಕೆಲಸ ಮಾಡುವ ರೀತಿಯನ್ನು ಬಿಡಿಸಿ ತೋರಿಸಿದವರು ಅಜೀಜ್ ಸಾಂಜಾರ್. ಟರ್ಕಿ ದೇಶದ ಸಾವೂರ್ ಎಂಬ ಚಿಕ್ಕ ಊರಿನವರು. ಓದುಬರಹ ಬಾರದ ತಂದೆತಾಯಿಗಳ ಎಂಟು ಮಕ್ಕಳಲ್ಲಿ ಒಬ್ಬರು. ಊರಿನ ಕಡೆ ಎರಡು ವರ್ಷ ವೈದ್ಯರಾಗಿದ್ದು, ಆಮೇಲೆ ಅಮೆರಿಕಕ್ಕೆ ಹೋಗಿ ರೂಪರ್ಟರ ಶಿಷ್ಯರಾದರು. ಪಿಎಚ್.ಡಿ. ಮುಗಿದ ಮೇಲೆ ಸಂಶೋಧನೆಯ ಹುದ್ದೆಗಾಗಿ ಹಾಕಿದ ಮೂರು ಅರ್ಜಿಗಳೂ ತಿರಸ್ಕೃತವಾಗಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಶಾಲೆಯ ಸಹಾಯಕನ ಕೆಲಸವನ್ನು ಒಪ್ಪಿಕೊಂಡರು. ಆ ಕೆಲಸದಿಂದ ಹೊರಟ ಸಂಶೋಧನೆ 1983ರಲ್ಲಿ ಪ್ರಕಟವಾಯಿತು. 2015ರಲ್ಲಿ ತೋಮಸ್ ಲಿಂಡಾಲ್ ಮತ್ತು ಪಾಲ್ ಮೋಡ್ರಿಚ್ ಅವರೊಡನೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಅವರು ತೋರಿಸಿದ್ದು ಇಷ್ಟು. ಯುವಿಆರ್-ಎ ಮತ್ತು ಬಿ ಎಂಬ ಎರಡು ಪ್ರೋಟೀನುಗಳು ಜೊತೆಯಾಗಿ ನೂಲಿನ ಉದ್ದಕ್ಕೂ ತಡವುತ್ತ ಹೋಗುತ್ತವೆ. ಎಲ್ಲಿ ನೂಲು ಸೊಟ್ಟಗಿದೆಯೋ ಅಲ್ಲಿ 'ಎ' ಬಿಟ್ಟುಹೋಗುತ್ತದೆ, 'ಬಿ' ಕಾವಲು ನಿಲ್ಲುತ್ತದೆ, 'ಸಿ' ಬಂದು ಸೇರುತ್ತದೆ. ಗಂಟಿನ ಆಚೆಗೊಂದು ಈಚೆಗೊಂದು ಕತ್ತರಿ ಬೀಳುತ್ತದೆ. ಹನ್ನೆರಡೋ ಹದಿಮೂರೋ ಅಕ್ಷರಗಳ ತುಂಡು ಕಳಚಿ ಹೊರಬರುತ್ತದೆ.

ಈಗ ಎರಡನೆಯ ಪ್ರತಿಯ ಮಾತು. ಹನ್ನೆರಡು ಅಕ್ಷರ ಬಿದ್ದುಹೋದ ಜಾಗದಲ್ಲಿ ಇದ್ದದ್ದೇನು? ಎದುರಿನ ಎಳೆ ಹೇಳುತ್ತದೆ. ಅದನ್ನು ನೋಡಿಕೊಂಡು ಪಾಲಿಮರೇಸ್ ಎಂಬ ಕಿಣ್ವ ತೆರಪನ್ನು ತುಂಬುತ್ತದೆ, ಇನ್ನೊಂದು ಕಿಣ್ವ ಕೊನೆಯ ಹೊಲಿಗೆ ಹಾಕುತ್ತದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಪಾಠ ಹೇಳಿದ ನನ್ನಂಥವನಿಗೆ ಇದು ಚೆನ್ನಾಗಿ ಗೊತ್ತಿರುವ ಕೆಲಸ. ಒಂದು ಓಲೆಪ್ರತಿಯಲ್ಲಿ ಹುಳು ತಿಂದು ಅಕ್ಷರ ಹೋದರೆ ಸಂಪಾದಕ ತನ್ನ ಜಾಣತನದಿಂದ ತುಂಬಬಾರದು. ಇನ್ನೊಂದು ಪ್ರತಿಯನ್ನು ತೆಗೆದು ನೋಡಬೇಕು. ಒಂದೇ ಪ್ರತಿ ಉಳಿದಿರುವ ಕಾವ್ಯದ ಸಂಪಾದಕನ ಪಾಡು ಏನೆಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಹೋಲಿಕೆ ಎಲ್ಲ ಕಡೆಯೂ ಸಲ್ಲುವುದಿಲ್ಲ, ಒಪ್ಪುತ್ತೇನೆ. ಸಂಪಾದಕನಿಗೆ ವರ್ಷಗಟ್ಟಲೆ ಕಾಲವಿದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲ ಈ. ಕೋಲೈಗೆ ಕೆಲವೇ ನಿಮಿಷ. ಈ ದುರಸ್ತಿ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ಸಾಕು. ಆರೋಗ್ಯವಾದ ಈ. ಕೋಲೈ ಸಾವಿರಾರು ಗಂಟುಗಳನ್ನು ತಾಳಿಕೊಂಡು ಬದುಕಬಲ್ಲದು. ಈ ಕತ್ತರಿಯನ್ನೂ, ರೆಕ್-ಎ ಎಂಬ ಇನ್ನೊಂದು ರಕ್ಷಕ ಪ್ರೋಟೀನನ್ನೂ ಕಳೆದುಕೊಂಡ ತಳಿ ಕತ್ತಲೆಯಲ್ಲಿ ಒಂದೆರಡು ಗಂಟುಗಳಿಗೇ ಸಾಯುತ್ತದೆ. ಮನುಷ್ಯರಲ್ಲಿಯೂ ಇಂಥದೊಂದು ಕತ್ತರಿ ಇದೆ. ಹುಟ್ಟಿನಿಂದಲೇ ಅದು ಕೆಟ್ಟಿರುವ ಮಕ್ಕಳಿಗೆ ಬಿಸಿಲು ತಾಗಿದ ಕಡೆಯೆಲ್ಲ ಚಿಕ್ಕಂದಿನಲ್ಲಿಯೇ ಚರ್ಮದ ಕ್ಯಾನ್ಸರ್ ಬರುತ್ತದೆ.

ಇದೆಲ್ಲ ದೂರದೇಶದ ಮಾತಾಯಿತು ಎನ್ನಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರೂ ಅವರ ವಿದ್ಯಾರ್ಥಿಗಳೂ 2008ರಲ್ಲಿ ಪ್ರಕಟಿಸಿದ ಕೆಲಸವೊಂದಿದೆ. ಕ್ಷಯದ ರೋಗಾಣುವಿನ ಹತ್ತಿರದ ಸಂಬಂಧಿಯಾದ, ಆದರೆ ಅದರಷ್ಟು ಅಪಾಯವಿಲ್ಲದ ಒಂದು ಬ್ಯಾಕ್ಟೀರಿಯದಲ್ಲಿ ಅವರು ಈ ಯುವಿಆರ್-ಬಿ ಎಂಬುದನ್ನು ಕೆಡಿಸಿ ನೋಡಿದರು. ಆ ತಳಿ ನೇರಳಾತೀತ ಕಿರಣಕ್ಕೆ ಸುಲಭವಾಗಿ ಬಲಿಯಾಯಿತು, ಇದು ನಿರೀಕ್ಷಿಸಿದ್ದೇ. ಗಮನಿಸಬೇಕಾದದ್ದು ಇನ್ನೊಂದು. ಹುಳಿ ಹೆಚ್ಚಾದ ಪರಿಸರ, ಗಾಳಿಯ ಅಭಾವ, ಉರಿಯುವಂಥ ಆಮ್ಲಜನಕದ ಕಣಗಳು ಇವಕ್ಕೂ ಅದು ತಾಳಲಿಲ್ಲ. ನಮ್ಮ ರಕ್ತದ ಬಿಳಿಕಣಗಳು ಕ್ಷಯದ ರೋಗಾಣುವನ್ನು ನುಂಗಿ ಅದರ ಮೇಲೆ ಎರಚುವುದು ಇಂಥವನ್ನೇ. ಎಂದರೆ, ಬಿಸಿಲಿನ ಗಾಯವನ್ನು ವಾಸಿಮಾಡುವ ಉಪಕರಣವೇ, ಬಿಸಿಲು ಎಂದೂ ಬೀಳದ ಮನುಷ್ಯನ ಎದೆಗೂಡಿನೊಳಗೆ ಆ ರೋಗಾಣುವನ್ನು ಕಾಯುತ್ತದೆ. ನೇರಳಾತೀತ ದೀಪದ ಕೆಳಗೆ ಬ್ಯಾಕ್ಟೀರಿಯವನ್ನಿಟ್ಟು ಕಲಿತ ಪಾಠಕ್ಕೂ ಕ್ಷಯಕ್ಕೂ ಸಂಬಂಧ ಇರುವುದು ಇಲ್ಲಿ. ಅದೇ ಸಂಸ್ಥೆಯ ಎಂ. ವಿಜಯನ್ ಮತ್ತು ಕೆ. ಮುನಿಯಪ್ಪ ಅವರ ಬಳಗ ಕ್ಷಯಾಣುವಿನ ರೆಕ್-ಎ ಪ್ರೋಟೀನಿನ ಆಕಾರವನ್ನು 2000ದಲ್ಲಿ ಬಿಡಿಸಿಟ್ಟಿತ್ತು.

ಈ ರೆಕ್-ಎ ಮಾಡುವ ಕೆಲಸಗಳಲ್ಲಿ ಒಂದು, ಕೂಗು ಹಾಕುವುದು. ಗಂಟುಗಳು ಅತಿಯಾಗಿ, ನಕಲುಯಂತ್ರ ಅಲ್ಲಲ್ಲಿ ನಿಂತು, ನೂಲು ಒಂಟಿ ಎಳೆಯಾಗಿ ಜೋತಾಡತೊಡಗಿದಾಗ ರೆಕ್-ಎ ಆ ಒಂಟಿ ಎಳೆಯ ಸುತ್ತ ಕಟ್ಟಿಕೊಳ್ಳುತ್ತದೆ. ಅದನ್ನು ಕಂಡು, ಲೆಕ್ಸ್-ಎ ಎಂಬ ಬೀಗ ತಾನಾಗಿ ಮುರಿಯುತ್ತದೆ. ಅಲ್ಲಿಯವರೆಗೆ ಮುಚ್ಚಿದ್ದ ನಲವತ್ತಕ್ಕೂ ಹೆಚ್ಚು ಜೀನುಗಳು ತೆರೆಯುತ್ತವೆ. ಮುಳುಗುವ ಹಡಗು ಕಳಿಸುವ ಎಸ್.ಓ.ಎಸ್. ಕರೆಯ ಹೆಸರನ್ನೇ ಇದಕ್ಕೆ ಇಟ್ಟವರು ಮಿರೊಸ್ಲಾವ್ ರಾಡ್ಮನ್. ಇದಕ್ಕೆ ತಳಹದಿ ಹಾಕಿದವರಲ್ಲಿ ಮುಖ್ಯರು ಈವ್‌ಲಿನ್ ವಿಟ್ಕಿನ್. ಆಕೆ 1944ರಲ್ಲಿ ಈ. ಕೋಲೈಯ ಮೇಲೆ ನೇರಳಾತೀತ ದೀಪ ಹಿಡಿದು ಕೆಲಸ ಪ್ರಾರಂಭಿಸಿ, 2023ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಸ್.ಓ.ಎಸ್. ಕರೆಗೆ ಮೊದಲು ಬರುವವರು ಒಳ್ಳೆಯ ಕುಶಲಕರ್ಮಿಗಳೇ, ಕತ್ತರಿಯವರೇ. ಅವರಿಂದ ಆಗದಿದ್ದಾಗ ಕೊನೆಗೆ ಬರುವುದು ಬೇರೊಂದು ಬಗೆಯ ಪಾಲಿಮರೇಸ್. ಗಂಟಿನ ಎದುರಿಗೆ ನಿಂತು, ಅಲ್ಲಿ ಏನಿರಬೇಕೋ ತಿಳಿಯದೆಯೂ, ಯಾವುದೋ ಒಂದು ಅಕ್ಷರವನ್ನು ಬರೆದು ದಾಟಿಹೋಗುವ ಬಗ್ಗೆ ಅದು. ಪ್ರತಿ ತ್ರುಟಿತವಾದಾಗ ತನಗೆ ತೋಚಿದ ಪದವನ್ನು ಸೇರಿಸಿ ಛಂದಸ್ಸನ್ನು ಹೊಂದಿಸುವ ಪ್ರತಿಕಾರನಿದ್ದಾನಲ್ಲ, ಅವನೇ. ಸಾಲು ಪೂರ್ಣವಾಗುತ್ತದೆ, ಅರ್ಥ ಬೇರೆಯಾಗಿರಬಹುದು. ಸಂಪಾದಕನಾಗಿ ನಾನು ಅವನನ್ನು ಬೈದುಕೊಂಡದ್ದುಂಟು. ಆದರೆ ಬ್ಯಾಕ್ಟೀರಿಯಕ್ಕೆ ಇರುವ ಆಯ್ಕೆ ತಪ್ಪಾದ ಬರಹ, ಇಲ್ಲವೇ ಸಾವು.

ಹೀಗೆ ತಪ್ಪಾಗಿ ಬಿದ್ದ ಅಕ್ಷರಗಳಲ್ಲಿ ಬಹುಪಾಲು ನಿಷ್ಪ್ರಯೋಜಕ, ಕೆಲವು ಹಾನಿಕರ. ಅಪರೂಪಕ್ಕೊಂದು, ಔಷಧಿ ಬಂದು ಹಿಡಿಯಬೇಕಾದ ಜಾಗದ ಆಕಾರವನ್ನೇ ಬದಲಿಸಿಬಿಡುತ್ತದೆ. ಆ ಬ್ಯಾಕ್ಟೀರಿಯಕ್ಕೆ ಆ ಔಷಧಿ ನಾಟುವುದಿಲ್ಲ. ಕ್ಷಯದ ರೋಗಾಣುವಿನಲ್ಲಿ ಈ ದುಡುಕು ಪ್ರತಿಕಾರನ ಹೆಸರು ಡಿಎನ್‌ಎಇ-2. ಅದನ್ನು ತೆಗೆದುಹಾಕಿದ ತಳಿ ಇಲಿಗಳ ದೇಹದಲ್ಲಿ ದುರ್ಬಲವಾಗುತ್ತದೆ, ಔಷಧಿಗೆ ಮಣಿಯದ ಸಂತಾನ ಅದರಲ್ಲಿ ಕಡಮೆ ಹುಟ್ಟುತ್ತದೆ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇದೇ ಬಗೆಯ ಪಾಲಿಮರೇಸನ್ನು ಇನ್ನೊಂದು ಬ್ಯಾಕ್ಟೀರಿಯದಲ್ಲಿ ಹೊಳೆಯುವ ಬಣ್ಣ ಕಟ್ಟಿ, ಒಂದೊಂದೇ ಕೋಶದಲ್ಲಿ ಕಣ್ಣಾರೆ ನೋಡಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅಂಜನಾ ಬದರಿನಾರಾಯಣನ್ ಮತ್ತು ಸಂಗಡಿಗರು. 2021ರ ಅವರ ಬರಹ ಒಂದು ಹೊಸ ವಿಷಯವನ್ನು ಹೇಳಿತು: ನಕಲು ನಡೆಸದೆ ಸುಮ್ಮನೆ ಇರುವ ಕೋಶದಲ್ಲಿಯೂ ಕತ್ತರಿ ಬಿದ್ದ ತೆರಪನ್ನು ತುಂಬಲು ಈ ದುಡುಕು ಪ್ರತಿಕಾರ ಬಂದು ಕೂರುತ್ತಾನೆ. ಮಲಗಿರುವಂತೆ ಕಾಣುವ ಬ್ಯಾಕ್ಟೀರಿಯವೂ ತನ್ನ ಬರಹವನ್ನು ತಿದ್ದುತ್ತಿರಬಹುದು. ಔಷಧಿಗೆ ಮಣಿಯದ ತಳಿಗಳೆಲ್ಲ ಈ ದಾರಿಯಿಂದಲೇ ಹುಟ್ಟುತ್ತವೆಂದು ಹೇಳಲಾಗದು. ದೊಡ್ಡ ಸಂಖ್ಯೆಯಲ್ಲಿ ನಕಲು ನಡೆಯುವಾಗ ತಾವಾಗಿ ಬೀಳುವ ತಪ್ಪುಗಳೇ ಸಾಕು. ಆದರೆ ಅರೆಪೆಟ್ಟು ಅಂಥವಕ್ಕೆ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ.

ನನ್ನ ಚಿಕ್ಕಪ್ಪನಿಗೆ ಕ್ಷಯ ಬಂದಾಗ ನಾನು ಹತ್ತು ವರ್ಷದವನು. ಆಗಿನ ಚಿಕಿತ್ಸೆ ಒಂದೂವರೆ ವರ್ಷದ್ದು. ಕೆಲ್ನರರ ಆ ಬ್ಯಾಕ್ಟೀರಿಯ ಕೊಟ್ಟ ಸ್ಟ್ರೆಪ್ಟೊಮೈಸಿನ್ನೇ ಸೂಜಿಮದ್ದು, ಜೊತೆಗೆ ಮಾತ್ರೆ. ಎರಡು ತಿಂಗಳಿಗೆ ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ಮುಖಕ್ಕೆ ಕಳೆ ಬಂತು. ಅಷ್ಟು ಹೊತ್ತಿಗೆ ಕಬ್ಬು ಕಡಿಯುವ ಕಾಲ. ಆಲೆಮನೆಯ ಕೆಲಸ ಬಿಟ್ಟು ದಿನಾ ಸೂಜಿಗೆಂದು ಅಲೆಯಲು ಮನೆಯವರು ಯಾರೂ ಒಪ್ಪಲಿಲ್ಲ, ಅವನೂ ಒಪ್ಪಲಿಲ್ಲ. "ವಾಸಿ ಆಯ್ತಲ್ಲವ್ವ, ಇನ್ಯಾಕೆ" ಎಂದು ಅವನು ಅಜ್ಜಿಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಹಾಸಿಗೆಯನ್ನು ಮಾತ್ರ ಅವ್ವ ದಿನವೂ ಬಿಸಿಲಿಗೆ ಹಾಕುತ್ತಿದ್ದಳು. ಮರುವರ್ಷ ಕೆಮ್ಮು ತಿರುಗಿ ಬಂದಿತು. ಅದೇ ಔಷಧಿಯನ್ನು ಮತ್ತೆ ಕೊಟ್ಟರು. ಈ ಬಾರಿ ನಾಟಲಿಲ್ಲ. ಅವನಿಗೆ ಆಗ ಇಪ್ಪತ್ತೇಳು.

ಆ ಎರಡು ತಿಂಗಳಲ್ಲಿ ಸತ್ತವು ಸತ್ತಿದ್ದವು. ಉಳಿದವು ಗಾಯಗೊಂಡವು, ಅಡಗಿದ್ದವು, ಅಕ್ಷರ ಬದಲಾಗಿದ್ದವು. ಈ ವಿಷಯವನ್ನು ಬೆಂಗಳೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ ನನ್ನ ತಂಗಿಯ ಮಗನೊಡನೆ ಮಾತನಾಡುತ್ತಿದ್ದಾಗ ಅವನು, "ಮಾವ, ಮೊದಲ ಎರಡು ತಿಂಗಳ ಔಷಧಿ ರೋಗಿಗೆ ಹಾಯೆನಿಸೋದಕ್ಕೆ ಸಾಕು, ಮಿಕ್ಕ ತಿಂಗಳ ಔಷಧಿ ಉಳಿದಿರೋ ಆ ಕೆಲವಕ್ಕೆ" ಎಂದ. ವೈದ್ಯರು ಈಗ ಒಟ್ಟಿಗೆ ನಾಲ್ಕು ಔಷಧಿಗಳನ್ನು ಕೊಡುವುದರ ಕಾರಣವೂ ಇದೇ: ಒಂದು ಅಕ್ಷರ ತಪ್ಪಿ ಒಂದು ಔಷಧಿಯಿಂದ ಪಾರಾಗಬಹುದು, ನಾಲ್ಕೂ ಕಡೆ ಒಂದೇ ಬಾರಿಗೆ ಅನುಕೂಲವಾದ ತಪ್ಪು ಬೀಳುವುದು ಬಲು ದುರ್ಲಭ.

ಆ ದುಡುಕು ಪ್ರತಿಕಾರನ ಕೈಯನ್ನೇ ಹಿಡಿದು ನಿಲ್ಲಿಸುವ ಮದ್ದು ಸಿಕ್ಕೀತೇ, ಈಗಿರುವ ಔಷಧಿಗಳ ಜೊತೆಗೆ ಅದನ್ನು ಕೊಟ್ಟರೆ ರೋಗಾಣು ಬದಲಾಗುವ ದಾರಿ ಮುಚ್ಚೀತೇ ಎಂಬ ಹುಡುಕಾಟ ಪ್ರಪಂಚದ ಹಲವು ಪ್ರಯೋಗಶಾಲೆಗಳಲ್ಲಿ ನಡೆದಿದೆ. ಸದ್ಯಕ್ಕೆ ಸಾಧಾರಣ ಕ್ಷಯದ ಚಿಕಿತ್ಸೆ ಆರು ತಿಂಗಳದ್ದು. ಮಾತ್ರೆಗಳನ್ನು ಸರ್ಕಾರ ಪುಕ್ಕಟೆಯಾಗಿ ಕೊಡುತ್ತದೆ. ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, ಐದನೆಯ ತಿಂಗಳಿನಲ್ಲಿಯೂ, ಕೆಮ್ಮು ಪೂರ್ತಿ ನಿಂತುಹೋದವನನ್ನು ಕೂಡ, ಖಾಲಿಯಾದ ಮಾತ್ರೆಯ ಪಟ್ಟಿ ತೋರಿಸಿ ಎಂದು ಕೇಳುತ್ತಾಳೆ. ಅವಳಿಗೆ ಅದನ್ನು ತೋರಿಸಬೇಕು.